ಕೆತ್ತಿದವನು ಎಲ್ಲಿ ಊಟ ಮಾಡುತ್ತಾನೆ

ಸಿಟ್ಟು ಬಂದರೆ ಮೊದಲು ಮೇಡಂ ಅವರ ಕತ್ತು ಕೆಂಪಾಗುತ್ತಿತ್ತು. ಕಾಲರಿನಿಂದ ಕಿವಿಯವರೆಗೆ ಏರುವ ಆ ಕೆಂಪನ್ನು ಕಂಡರೆ ಸ್ಟಾಫ್‌ರೂಮಿನಲ್ಲಿದ್ದವರು ಕಾಫಿ ಲೋಟ ಎತ್ತಿಕೊಂಡು ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದರು. ಸ್ವೀಡನ್ನಿನಲ್ಲಿ ಸಿಟ್ಟೆಂದರೆ ಅಂಟುರೋಗ.

ಮಾಲ್ಮೋದ ಶಾಲೆಯೊಂದರಲ್ಲಿ ನಾನು ಗಣಿತ ಕಲಿಸುತ್ತೇನೆ. ಅವರು ಮರಗೆಲಸ ಕಲಿಸುತ್ತಿದ್ದರು. ಇಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ಮಾತ್ರ ಅವರು ಕೊನೆಯವರೆಗೂ ಮೇಡಂ.

ಮೇಡಂ ಯೆಹೂದಿ. ಭಾನುವಾರಗಳಂದು ಊರಿನ ಯೆಹೂದಿ ಹುಡುಗ ಹುಡುಗಿಯರನ್ನು ಒಂದು ನೆಲಮಾಳಿಗೆಯಲ್ಲಿ ಸೇರಿಸಿ ಪಾಠ, ಜಗಳ, ಅಡುಗೆ ಎಲ್ಲ ನಡೆಸುತ್ತಿದ್ದರು. ಒಮ್ಮೆ ನನ್ನನ್ನೂ ಕರೆದೊಯ್ದರು. ಬಾಗಿಲಲ್ಲಿ, ದಾಳಿಯ ಭಯಕ್ಕೆಂದು ಇಟ್ಟ ಕಾವಲುಗಾರ ನನ್ನ ಬ್ಯಾಗು ತಡಕಿದ. ಮಕ್ಕಳು ಪಿಂಗ್‌ಪಾಂಗ್ ಆಡಬೇಕೆಂದರೂ ಆ ಉಕ್ಕಿನ ಬಾಗಿಲು ದಾಟಬೇಕು.

"ಈ ಮಕ್ಕಳಿಗೆ ಇದು ಮಾಮೂಲಾಗಿಬಿಟ್ಟಿದೆ. ಅದನ್ನೇ ನನ್ನ ಕೈಲಿ ಸಹಿಸೋಕೆ ಆಗಲ್ಲ," ಎಂದರು.

ಯಾವ ಪ್ರಶ್ನೆಗೆ ಉತ್ತರ ಕೊಡಬೇಕು, ಯಾವುದಕ್ಕೆ ಕೊಡಬೇಕಾಗಿಲ್ಲ ಎನ್ನುವುದು ಅವರ ಮುಖ್ಯ ಪಾಠ. ನಿಮ್ಮ ಹಬ್ಬ ಹೇಗೆ ಮಾಡುತ್ತೀರಿ ಎಂದು ಕೇಳಿದರೆ ಗಂಟೆಗಟ್ಟಲೆ ಹೇಳಿ. ದೂರದ ಯುದ್ಧಕ್ಕೆ ನೀನೇ ಹೊಣೆ ಎಂದರೆ ಎದ್ದು ನಡೆಯಿರಿ. ಅದೇ ಯುದ್ಧದ ಇನ್ನೊಂದು ಬದಿಯಲ್ಲಿ ಬಂಧುಗಳನ್ನು ಕಳೆದುಕೊಂಡ ಹುಡುಗನೊಬ್ಬ ನಮ್ಮ ಶಾಲೆಯಲ್ಲಿದ್ದ. ಮೇಡಂ ಅವನ ಪಕ್ಕ ಕೂತು ಅತ್ತದ್ದನ್ನೂ ನಾನು ನೋಡಿದ್ದೇನೆ.

ಐದಾರು ವರ್ಷಗಳ ಹಿಂದಿನ ಒಂದು ಚಳಿಗಾಲ ನನ್ನ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳ ಲಾಕರಿನ ಮೇಲೆ ಯಾರೋ ಹೊಲಸು ಮಾತು ಕೆತ್ತಿದರು. ಅವಳ ಕೊರಳಿನ ಸರದಲ್ಲಿ ಯೆಹೂದಿಯರ ಗುರುತಾದ ಪುಟ್ಟ ಆರುಮೂಲೆಯ ನಕ್ಷತ್ರವಿತ್ತು, ಅಷ್ಟೇ ಕಾರಣ. ಕೆತ್ತಿದವನು ಯಾರೆಂದು ಎರಡೇ ದಿನದಲ್ಲಿ ಗೊತ್ತಾಯಿತು. ಹೆಡ್‌ಮಾಸ್ಟರು ಸಭೆ ಕರೆದು, ಹುಡುಗಿ ಸರವನ್ನು ಅಂಗಿಯೊಳಗೆ ಹಾಕಿಕೊಳ್ಳಲಿ, ಊಟವನ್ನು ಲೈಬ್ರರಿಯಲ್ಲಿ ಮಾಡಲಿ, ಅವಳ ಸುರಕ್ಷತೆಗಾಗಿ, ಎಂದರು. ಹೌದೆಂದು ತಲೆಗಳು ಆಡಿದವು.

"ಕೆತ್ತಿದವನು ಎಲ್ಲಿ ಊಟ ಮಾಡ್ತಾನೆ?" ಮೇಡಂ ಕೇಳಿದರು.

ಹೆಡ್‌ಮಾಸ್ಟರು ಮುಂದಿನ ವಿಷಯಕ್ಕೆ ಹಾಳೆ ತಿರುವಿದರು.

"ಹೇಳಿ. ಅವನು ಎಲ್ಲಿ ಊಟ ಮಾಡ್ತಾನೆ?" ಈ ಸಲ ಕಿಟಕಿಯ ಗಾಜು ಅದುರುವಂತೆ ಕೂಗಿದರು. ದನಿ ತಗ್ಗಿಸಬೇಕೆಂದು ಹೆಡ್‌ಮಾಸ್ಟರು ನಯವಾಗಿ ಹೇಳಿದರು. ಸಭೆ ಮೇಡಂ ದನಿಯ ಬಗ್ಗೆ ಚರ್ಚಿಸಿತು, ಲಾಕರಿನ ಬಗ್ಗೆ ಅಲ್ಲ. ಇವತ್ತಿಗೂ ಅದನ್ನು ನೆನೆದರೆ ನನ್ನ ಮೈ ಉರಿಯುತ್ತದೆ.

ಮನೆಗೆ ಬಂದು ಗಂಡನಿಗೆ ಹೇಳಿದೆ. "ನಮಗ್ಯಾಕೆ ಬೇಕೇ ಇದೆಲ್ಲ? ಪರ್ಮಿಟ್ ರಿನ್ಯೂ ಆಗೋವರೆಗೂ ಸುಮ್ನಿರು," ಎಂದ.

"ನಾಳೆ ನಮ್ಮ ಮಗಳಿಗೆ ಕುಂಕುಮ ಅಳಿಸ್ಕೊಂಡು ಲೈಬ್ರರಿಲಿ ಊಟ ಮಾಡು ಅಂದ್ರೆ? ಆಗ್ಲೂ ಸುಮ್ನಿರ್ಲಾ?" ಎಂದೆ.

ಮರುದಿನ ಮೇಡಂ ಆ ಹುಡುಗಿಯ ಕೈಹಿಡಿದು ಊಟದ ಕೋಣೆಯ ನಟ್ಟನಡುವಿನ ಮೇಜಿಗೆ ಕರೆತಂದರು. ನಾನೂ ತಟ್ಟೆ ತಂದು ಎದುರು ಕೂತೆ. ಸರ ಅಂಗಿಯ ಹೊರಗೇ ಇತ್ತು. ಬೇಸಗೆ ರಜೆಯವರೆಗೂ ನಾವು ಮೂವರು ಅಲ್ಲೇ ಉಂಡೆವು. ಮೇಡಂಗೆ ಎಚ್ಚರಿಕೆಯ ಪತ್ರ ಬಂತು. ಕೆತ್ತಿದವನ ಮನೆಗೆ ಏನೂ ಹೋಗಲಿಲ್ಲ. ಹುಡುಗಿ ಭಾನುವಾರದ ಗುಂಪಿಗೆ ಸೇರಿದಳು.

ಹೋದ ವರ್ಷ ಕ್ಯಾನ್ಸರ್ ಮೇಡಂ ಅವರನ್ನು ಕೊಂಡೊಯ್ದಿತು. ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ. ಅದೇ ಹೆಡ್‌ಮಾಸ್ಟರು ಎದ್ದು, ಅವರು ಸೌಮ್ಯ ಸ್ವಭಾವದವರು, ಎಂದೂ ದನಿ ಏರಿಸಿದವರಲ್ಲ, ಎಂದರು.

ನಾನು ಎದ್ದು ನಿಂತೆ. ನನ್ನ ಸ್ವೀಡಿಷ್ ಸಿಟ್ಟಿನಲ್ಲಿ ಮುರಿದು ಬೀಳುತ್ತದೆ. ಆದರೂ ಹೇಳಿದೆ: "ಸುಳ್ಳು. ಅವರು ಕೂಗಿದ್ದರು, ನಿಮ್ಮ ಮೇಲೇ ಕೂಗಿದ್ದರು. ಯಾಕೆ ಅಂತಲೂ ಹೇಳಿ."

ಹೆಡ್‌ಮಾಸ್ಟರು ಕೈಯಲ್ಲಿದ್ದ ಹಾಳೆ ನೋಡುತ್ತ ನಿಂತರು. ಆಮೇಲೆ ಕಾಫಿ, ಕೇಕು. ನನ್ನ ಹತ್ತಿರ ಯಾರೂ ಸುಳಿಯಲಿಲ್ಲ, ಆ ಹುಡುಗಿಯೊಬ್ಬಳನ್ನು ಬಿಟ್ಟು. ಈಗ ಕಾಲೇಜಿನಲ್ಲಿದ್ದಾಳೆ, ಭಾನುವಾರದ ಗುಂಪು ಅವಳದೇ ಕೈಯಲ್ಲಿದೆ.

"ಚಿಕ್ಕವರು ಕೇಳ್ತಾರೆ, ಸಿಟ್ಟು ಬಂದಾಗ ಗಂಟಲು ಕಟ್ಟಿದ್ರೂ ಮಾತಾಡೋದು ಹೇಗೆ ಅಂತ," ಎಂದಳು. "ಬಂದು ಹೇಳಿಕೊಡ್ತೀರಾ?"

ನನಗೂ ಅದನ್ನು ಕಲಿಸಿದವರು ಮೇಡಂ. ಬರುತ್ತೇನೆ ಎಂದೆ.