ಬೂದಿಯಿಲ್ಲದ ಒಲೆ

ನನ್ನ ಓರಗಿತ್ತಿಯನ್ನು ಎಲ್ಲರೂ ಇಸ್ತ್ರಿ ಅಕ್ಕ ಅಂತಲೇ ಕರೆಯುತ್ತಿದ್ದರು. ಭಾವ ಗಣಿಯಲ್ಲಿ ಸಿಡಿಮದ್ದು ಇಡುವ ಕೆಲಸ ಮಾಡಿ ಬೇಗ ತೀರಿಕೊಂಡರು. ಆಮೇಲೆ ಅವಳು ಕಿಟಕಿಯ ಹತ್ತಿರ ಮೇಜು ಹಾಕಿಕೊಂಡು, ಜನರ ಬಟ್ಟೆಗೆ ಇಸ್ತ್ರಿ ಹಾಕಿ ಬದುಕಿದಳು. ಪೆಟ್ಟಿಗೆಯೊಳಗೆ ಕೆಂಡ, ಬೀದಿಯ ತುಂಬ ಕಲ್ಲಿದ್ದಲ ಧೂಳು. ಆದರೂ ಅವಳು ಕೈಯಲ್ಲಿದ್ದ ಬಿಳಿ ಅಂಗಿಯ ಮೇಲೆ ಒಂದು ಕಪ್ಪು ಚುಕ್ಕೆಯನ್ನೂ ಬೀಳಗೊಡುತ್ತಿರಲಿಲ್ಲ.

ಹಿತ್ತಿಲಲ್ಲಿ ಅವಳ ಮಗಳ ಗೋರಿ. ಮಾತು ಬರುವ ಮೊದಲೇ ಜ್ವರದಲ್ಲಿ ಹೋದ ಮಗು. ಅವತ್ತು ಹೊಳೆ ತುಂಬಿ ಸ್ಮಶಾನದ ದಾರಿ ಮುಚ್ಚಿತ್ತು, ಹಿತ್ತಿಲಲ್ಲೇ ಮಣ್ಣು ಮಾಡಿದ್ದರು.

ವರ್ಷ ಕಳೆದಂತೆ ಗಣಿಯವರು ನೆಲ ಬಗೆಯುತ್ತಾ ನಮ್ಮ ಬೀದಿಯ ಕಡೆಗೆ ಬಂದರು. ನಾವೆಲ್ಲ ಮನೆ ಮಾರಿ ಹೊಸ ಬಡಾವಣೆಗೆ ಹೋದೆವು. ಅಕ್ಕ ಹೋಗಲಿಲ್ಲ. ಕಾನೂನು ಅವಳ ಕಡೆಗಿತ್ತು. ಜನ ವಾಸವಾಗಿರುವ ಮನೆಯಿಂದ ಮುನ್ನೂರು ಅಡಿಯೊಳಗೆ ಅಗೆಯಲು ಪರವಾನಗಿ ಕೊಡುವಂತಿಲ್ಲ, ಮನೆಯವರೇ ಒಪ್ಪಿ ಹೆಬ್ಬೆಟ್ಟು ಒತ್ತಿದರೆ ಮಾತ್ರ ಕೊಡಬಹುದು. ಸ್ಮಶಾನಕ್ಕೂ ಅಂಥದೇ ಕಟ್ಟಳೆ ಇತ್ತು, ಆದರೆ ಒಂಟಿ ಗೋರಿ ಸ್ಮಶಾನ ಅನ್ನಿಸಿಕೊಳ್ಳುವುದಿಲ್ಲವಂತೆ. ಹಾಗಾಗಿ ಮಗು ಮಣ್ಣಲ್ಲಿ ನೆಮ್ಮದಿಯಾಗಿರಬೇಕಾದರೆ ತಾಯಿ ಮನೆಯಲ್ಲಿರಲೇಬೇಕಿತ್ತು.

ಗಣಿಯ ಗುಮಾಸ್ತ ವಾರವಾರ ಬರುತ್ತಿದ್ದ, ಒಂದು ಕೈಯಲ್ಲಿ ಒಪ್ಪಿಗೆ ಕಾಗದ, ಇನ್ನೊಂದರಲ್ಲಿ ಇಸ್ತ್ರಿಗೆ ಅಂಗಿ. ಅಕ್ಕ ಅಂಗಿ ತೆಗೆದುಕೊಳ್ಳುವಳು, ಕಾಗದ ಮುಟ್ಟಳು. ಒಮ್ಮೆ ನಾನಿದ್ದಾಗಲೇ ಅವನು, ಇಷ್ಟು ಹಟ ಒಳ್ಳೆಯದಲ್ಲ ಅಂದ.

"ಆಯ್ತಪ್ಪಾ, ಹೆಬ್ಬೆಟ್ಟು ಒತ್ತುತೀನಿ," ಅಂದಳು ಕಾಲರು ಮಡಚುತ್ತಾ. "ಅದಕ್ಕೆ ಮೊದಲು ಹಿತ್ತಿಲಲ್ಲಿ ಮಲಗಿರೋಳಿಗೆ, ಎದ್ದು ಜಾಗ ಬಿಡು ಅಂತ ನೀನೇ ಹೇಳಿ ಬಾ."

ಮುಂದಿನ ವಾರ ಅವನು ಅಂಗಿ ಮಾತ್ರ ತಂದ.

ಅವಳದೊಂದು ಪದ್ಧತಿ ಇತ್ತು. ಒಂದು ದಿನಕ್ಕೆ ನಮ್ಮ ಮನೆಗೆ ಬರುವುದಾದರೂ ಒಲೆಯ ಬೂದಿ ತೆಗೆದು ಒರೆಸಿ, ಪಾತ್ರೆ ಬೋರಲು ಹಾಕಿ, ಕೊಡದ ನೀರು ಚೆಲ್ಲಿ, ಹಾಸಿಗೆ ಸುತ್ತಿಟ್ಟೇ ಹೊರಡುವಳು. ಹೊಲಸು ಮನೆ ಬಿಟ್ಟು ಹೋದರೆ ದಾರಿಯುದ್ದಕ್ಕೂ ಹಿಂದಕ್ಕೆ ಎಳೆಯುತ್ತದೆ ಅನ್ನುವಳು. ಲೋಕ ಮುಳುಗಿದರೂ ಅಕ್ಕನ ಪಾತ್ರೆ ಬೋರಲೇ ಇರಬೇಕು ಅಂತ ನಾವು ನಗುತ್ತಿದ್ದೆವು.

ಆ ಚಳಿಗಾಲ ಅವಳ ಎದೆಯಲ್ಲಿ ಕಫ ಕಟ್ಟಿತು. ಆಸ್ಪತ್ರೆಗೆ ಕರೆದೊಯ್ಯಲು ನನ್ನ ಮಗ ಗಾಡಿ ತಂದು ನಿಲ್ಲಿಸಿದ. ಉಸಿರಿಗೆ ಒದ್ದಾಡುತ್ತಲೇ ಅವಳು ಬೂದಿ ಬಾಚುತ್ತಿದ್ದಳು. "ದೊಡ್ಡಮ್ಮಾ, ಬೂದಿ ಎಲ್ಲಿಗೂ ಓಡಿಹೋಗಲ್ಲ, ಬಾ," ಅಂದ. ಕೇಳಲಿಲ್ಲ. ಎಲ್ಲ ಮುಗಿಸಿಯೇ ಗಾಡಿ ಹತ್ತಿದಳು.

ಚಳಿಗಾಲವೆಲ್ಲ ಆಸ್ಪತ್ರೆಯಲ್ಲೇ ಕಳೆಯಿತು. ಅಷ್ಟರಲ್ಲಿ ಪರವಾನಗಿ ಕಚೇರಿಯಿಂದ ಒಬ್ಬ ಅಧಿಕಾರಿ ಜಾಗ ನೋಡಲು ಬಂದ. ಬಾಗಿಲಿಗೆ ಬೀಗ. ಕೇಳೋಣವೆಂದರೆ ಅಕ್ಕಪಕ್ಕ ನರಪಿಳ್ಳೆಯಿಲ್ಲ. ಕಿಟಕಿಯಿಂದ ಇಣುಕಿದ. ಹೊಳೆಯುವ ಒಲೆ, ಬೋರಲು ಪಾತ್ರೆ, ಒಣಗಿದ ಕೊಡ. ಇಲ್ಲಿ ಯಾರೂ ವಾಸವಿಲ್ಲ ಅಂತ ಬರೆದುಕೊಂಡು ಹೋದ. ಗುಮಾಸ್ತನಿಗೆ ಗೊತ್ತಿತ್ತು. ಅವನನ್ನು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ತಕರಾರಿದ್ದರೆ ತಿಳಿಸಿ ಅಂತ ಬಾಗಿಲಿಗೆ ಅಂಟಿಸಿದ ಕಾಗದವನ್ನು ಗಾಳಿ ಓದಿ ಹರಿದು ಹಾಕಿತು. ಪರವಾನಗಿ ಆಯಿತು.

ಅಕ್ಕ ಹುಷಾರಾಗಿ ಬಂದ ಮೇಲೆ ನಾವಿಬ್ಬರೂ ಆ ಕಚೇರಿಗೆ ಹೋದೆವು. ಅಧಿಕಾರಿ ಕೆಟ್ಟವನಲ್ಲ. ಕೂರಿಸಿ, ಪೂರ್ತಿ ಕೇಳಿಸಿಕೊಂಡ. ತಕರಾರಿನ ಗಡುವು ದಾಟಿಹೋಗಿದೆ ಅಂದ. ಆಮೇಲೆ ಮೆಲ್ಲಗೆ, "ಒಲೇಲಿ ಒಂದು ಹಿಡಿ ಬೂದಿ ಕಂಡಿದ್ರೂ ನಾನು ಹಾಗೆ ಬರೀತಿರಲಿಲ್ಲಮ್ಮ," ಅಂದ.

ಅಕ್ಕ ಎದ್ದು ನಡೆದಳು. ಹೊರಗಿನ ಮೆಟ್ಟಿಲ ಮೇಲೆ ಕೂತು ತನ್ನ ಅಂಗೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು.

ಗೋರಿಯನ್ನು ಗಣಿಯವರೇ ಆಳು ಕೊಟ್ಟು ತೆಗೆಸಿದರು. ಅಷ್ಟು ಚಿಕ್ಕ ಮಗು, ಎಲುಬು ಅನ್ನುವಂಥದ್ದು ಏನೂ ಉಳಿದಿರಲಿಲ್ಲ. ಅಕ್ಕ ಹೊಲಿದಿದ್ದ ಅಂಗಿಯ ಎರಡು ಗುಂಡಿ ಸಿಕ್ಕವು. ಅವನ್ನೇ ಹೊಳೆಯಾಚೆ ಮಣ್ಣು ಮಾಡಿದೆವು.

ಉಳಿದ ಕಾಲ ಅವಳು ನಮ್ಮ ಮನೆಯಲ್ಲೇ ಇದ್ದಳು. ಇಸ್ತ್ರಿಪೆಟ್ಟಿಗೆ ಮತ್ತೆ ಮುಟ್ಟಲಿಲ್ಲ. ನಾನು ಬೂದಿ ತೆಗೆಯಲು ಕೂತರೆ ಓಡಿಬಂದು ಕೈ ಹಿಡಿಯುವಳು. "ಇರಲಿ ಬಿಡೇ. ಯಾರಾದ್ರೂ ನೋಡಕ್ಕೆ ಬಂದ್ರೆ?"

ಈಗ ಕೈ ಹಿಡಿಯುವವರಿಲ್ಲ. ಒಲೆ ನಾನೇ ಒರೆಸುತ್ತೇನೆ. ಮೂಲೆಯಲ್ಲಿ ಒಂದು ಹಿಡಿ ಬಿಟ್ಟೇ ಏಳುತ್ತೇನೆ.