ಕನಸಿನಲ್ಲಿ ಬಾಯಿಬಿಟ್ಟ ಹೆಂಡತಿ

ದರ್ಜಿ ಮಹಾ ಮಾತುಗಾರ. ಅಳತೆ ಕೊಡಲು ಬಂದವರು ಅವನ ಪುರಾಣ ಕೇಳದೆ ಹೊರಗೆ ಹೋದದ್ದಿಲ್ಲ. ಇಂಥವನಿಗೆ ಸಿಕ್ಕಿದವಳು ಹುಟ್ಟಿನಿಂದ ಕಿವಿ ಕೇಳದ, ಬಾಯಿಂದ ಮಾತಾಡದ ಹೆಂಡತಿ. ಪಾಪ ಎಂದವರೇ ಹೆಚ್ಚು. ಯಾರಿಗೆ ಪಾಪ ಎಂದು ಮಾತ್ರ ಬಿಡಿಸಿ ಹೇಳುತ್ತಿರಲಿಲ್ಲ.

ಮದುವೆಯಾದ ಮೇಲೆ ಅವಳ ಕೈಮಾತು ಕಲಿತ. ಬಾಯಿತುಂಬ ಗುಂಡುಸೂಜಿ ಕಚ್ಚಿಕೊಂಡೂ ಹರಟಬಹುದೆಂದು ಗೊತ್ತಾದಾಗ ಅವನಿಗೆ ಸ್ವರ್ಗ ಮೂರೇ ಗೇಣು. ಒಂದೇ ತೊಡಕು: ಮಾತಾಡಬೇಕಾದರೆ ಕೈಯಲ್ಲಿದ್ದ ಕೆಲಸ ಕೆಳಗಿಡಬೇಕು. ಹಾಗಾಗಿ ಇಬ್ಬರೂ ಜೋರಾಗಿ ಜಗಳವಾಡಿದ ದಿನ ಅಂಗಡಿಯಲ್ಲಿ ಒಂದು ಗುಂಡಿಯೂ ಹೊಲಿದು ಮುಗಿಯುತ್ತಿರಲಿಲ್ಲ.

ಒಂದು ಬೆಳಿಗ್ಗೆ, ಅವಳು ಖುಷಿಪಡುತ್ತಾಳೆಂದೇ ಹೇಳಿದ: "ನಿನ್ನೆ ಕನಸಲ್ಲಿ ನೀನು ಬಾಯಲ್ಲಿ ಮಾತಾಡ್ದೆ. ಎಷ್ಟು ಇಂಪಾದ ದನಿ ಗೊತ್ತಾ?"

ಅವಳ ಮುಖ ಸಪ್ಪಗಾಯಿತು. "ಹಾಗಾದ್ರೆ ಅವಳು ನಾನಲ್ಲ. ಯಾರನ್ನೋ ಕರ್ಕೊಂಡು ಬಂದಿದ್ದೀರ," ಎಂದು ಕೈಯಾಡಿಸಿ, ದೊಡ್ಡ ಪರದೆಯೊಂದನ್ನು ಎತ್ತಿಕೊಂಡು ಅಂಚು ಹೊಲಿಯಲು ಕೂತಳು. ಸಂಜೆಯಾದರೂ ಅದನ್ನು ಕೆಳಗಿಡಲಿಲ್ಲ. ಅವಳು ಮಾತು ಬಿಟ್ಟಳೆಂದರೆ ಹೀಗೆ, ಎರಡೂ ಕೈ ತುಂಬ ಬಟ್ಟೆ.

ದರ್ಜಿಗೆ ನಾಚಿಕೆಯಾಯಿತು. ಹಗಲೆಲ್ಲ ಅವಳ ಭಾಷೆಯಲ್ಲೇ ಬದುಕುವವನು, ಕಣ್ಣು ಮುಚ್ಚಿದ ಕೂಡಲೇ ತವರಿಗೆ ಓಡುವ ಹೊಸ ಸೊಸೆಯ ಹಾಗೆ ಬಾಯಿಮಾತಿಗೆ ಮರಳುತ್ತಿದ್ದ. ಹಾಗಾದರೆ ಯೋಚನೆಯೂ ಅದರಲ್ಲೇ ಇರಬೇಕು. ಕೈಗೆ ಬರುತ್ತಿದ್ದದ್ದು ಬರೀ ಅನುವಾದ. ಇಷ್ಟು ವರ್ಷ ಸಂಸಾರ ಮಾಡಿಯೂ ಅವಳು ತನ್ನೊಳಗೆ ಇಳಿದಿಲ್ಲವೇ ಎಂದು ನಿಜವಾಗಿ ನೋವಾಯಿತು. ಅಂದಿನಿಂದ ಹಟ ಹಿಡಿದ. ಮನಸ್ಸಿನಲ್ಲಿ ಗೊಣಗುವುದನ್ನೂ ಬೆರಳಲ್ಲೇ ಗೊಣಗಿದ. ಇವನಿಗೇನೋ ಆಗಿದೆ ಎಂದು ಗಿರಾಕಿಗಳು ಮಾತಾಡಿಕೊಂಡರು. ಕನಸು ಮಾತ್ರ ಜಪ್ಪಯ್ಯ ಎಂದರೂ ಬಗ್ಗಲಿಲ್ಲ.

ಒಂದು ಮಧ್ಯಾಹ್ನ ಊಟ ಮುಗಿಸಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದ. ಹೆಂಡತಿ ಭುಜ ಹಿಡಿದು ಅಲುಗಾಡಿಸಿದಳು.

"ನಿಮ್ಮ ಕೈ ಆಡ್ತಿತ್ತು. ಯಾರು ಬಂದಿದ್ರು?"

"ಅಮ್ಮ," ಎಂದ ಅವನು, ಇನ್ನೂ ಅರೆನಿದ್ದೆಯಲ್ಲೇ. "ನಿನ್ನ ಹತ್ರ ಮಾತಾಡ್ತಿದ್ಲು. ಕೈಯಲ್ಲಿ."

ತಾಯಿ ತೀರಿಕೊಂಡು ಬಹಳ ಕಾಲವಾಗಿತ್ತು. ಒಂದೇ ಸೂರಿನಡಿ ಇದ್ದಷ್ಟು ದಿನವೂ ಆಕೆ ಸೊಸೆಗಾಗಿ ಒಂದು ಬೆರಳು ಆಡಿಸಿದವಳಲ್ಲ. ಬೇಕಾದದ್ದನ್ನೆಲ್ಲ ಮಗನಿಂದಲೇ ಹೇಳಿಸುತ್ತಿದ್ದಳು.

ಹೆಂಡತಿ ಅವನ ಕೈಗಳನ್ನೇ ನೋಡುತ್ತ ನಿಂತಳು. ಆಮೇಲೆ ಅತ್ತೆ ಏನಂದರೆಂದು ಕೇಳಿದಳು.

"ಊಟ ಆಯ್ತಾ ಅಂತ ಕೇಳಿದ್ಲು."

"ನಾನೇನಂದೆ?"

"ಅಷ್ಟರಲ್ಲಿ ಎಬ್ಬಿಸ್ಬಿಟ್ಟೆಯಲ್ಲ."

ಅವಳ ಕಣ್ಣು ತುಂಬಿತ್ತು. ಅವನ ತಲೆಯನ್ನು ಮೆಲ್ಲಗೆ ಮತ್ತೆ ಮೇಜಿಗೆ ಒತ್ತಿ, ಕಾಣುವ ಹಾಗೆ ಮುಖದ ಮುಂದೆಯೇ ಕೈಯಾಡಿಸಿದಳು: "ಮಲ್ಕೊಳ್ಳಿ. ಆಯ್ತು ಅಂತ ಹೇಳಿ ಬನ್ನಿ."