ಹಂಗಳದ ಕಣದಲ್ಲಿ ಕಳೆಯದ ಇರುಳು

ನಮ್ಮ ನಡುಮನೆಯ ಗೋಡೆಯಲ್ಲಿ ಒಂದು ಮೊಳೆಯಿದೆ. ಪ್ರತಿ ಯುಗಾದಿಗೂ ಹಳೆಯ ಪಂಚಾಂಗ ಅಲ್ಲಿಂದ ಇಳಿದು ಹೊಸದು ಏರುತ್ತದೆ. ಮೊನ್ನೆ ಹಾಗೆ ಏರಿಸುತ್ತಿದ್ದಾಗ ನನಗೊಂದು ವಿಷಯ ಹೊಳೆಯಿತು, ಓದುಗ ಮಿತ್ರರೇ. ಯಾವ ನಕ್ಷತ್ರದಲ್ಲಿ ಬಿತ್ತಬೇಕು, ಯಾವುದರಲ್ಲಿ ಮಗುವಿಗೆ ಅನ್ನ ಉಣ್ಣಿಸಬೇಕು, ಯಾವುದರಲ್ಲಿ ಪಯಣ ಕೂಡದು ಎಂಬುದನ್ನೆಲ್ಲ ಘಳಿಗೆ ವಿಘಳಿಗೆ ಸಮೇತ ಬಲ್ಲ ನಾವು, ಆ ನಕ್ಷತ್ರಗಳಲ್ಲೊಂದು ಎದುರಿಗೆ ಬಂದು ನಿಂತರೂ ಗುರುತು ಹಿಡಿಯಲಾರೆವು. ನಮ್ಮ ಜನನ ಮರಣಗಳನ್ನು ಆಳುವ ದೊರೆಗಳ ಮುಖವನ್ನೇ ನಾವು ನೋಡಿಲ್ಲ. ನೋಡಬೇಕೆಂದು ಆಸೆಪಟ್ಟವರನ್ನು ಏನು ಮಾಡುತ್ತೇವೆ ಎಂಬುದನ್ನು ಹೋದ ವರ್ಷ ಕಣ್ಣಾರೆ ಕಂಡೆ.

ಬೇರೆಯವರ ಮಾತೇಕೆ, ನಾನು ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ ಕನ್ನಡ ಪಂಡಿತ. ತ್ರಿಶಂಕುವಿನ ಕಥೆ ನನ್ನ ಮೆಚ್ಚಿನ ಪಾಠ. ಸಶರೀರನಾಗಿ ಸ್ವರ್ಗಕ್ಕೆ ಹೊರಟ ಆ ಅರಸನನ್ನು ದೇವತೆಗಳು ಕೆಳಕ್ಕೆ ತಳ್ಳುವ ಸಂದರ್ಭದಲ್ಲಿ ನನ್ನ ಕೈ ಮೇಜಿನ ಮೇಲೆ ಬೀಳುವ ರಭಸಕ್ಕೆ ಪಕ್ಕದ ತರಗತಿಯ ಗಣಿತ ಕ್ಷಣಕಾಲ ಸ್ತಂಭಿಸುತ್ತದೆ. ಇಂಥ ನನ್ನನ್ನು ಅಕ್ಕನ ಮಗಳು ರತ್ನಿ ಒಂದು ಸಂಜೆ ಹಿತ್ತಿಲಲ್ಲಿ ನಿಲ್ಲಿಸಿಕೊಂಡು, "ತ್ರಿಶಂಕು ಎಲ್ಲದ ಮಾವ?" ಎಂದು ಕೇಳಿದಳು. "ಪುರಾಣದಲ್ಲಿ" ಎಂದೆ. ಅವಳು ನಕ್ಕು, "ಇಲ್ಲ ಕಣ್ಮಾವ, ದಕ್ಷಿಣದಲ್ಲಿ ಅದ. ಈ ಉಣಸೆಮರ ಅಡ್ಡ ಬಂದದ" ಎಂದಳು.

ರತ್ನಿಯ ಊರು ಉಡಿಗಾಲ. ಅಲ್ಲಿ ಹೈಸ್ಕೂಲಿಲ್ಲದ ಕಾರಣ ನಮ್ಮ ಮನೆಯಲ್ಲಿದ್ದುಕೊಂಡು ಓದುತ್ತಿದ್ದಳು. ಶಾಲೆಯ ಭೂಗೋಳದ ಕೋಣೆಯಲ್ಲಿ, ಒಡೆದ ಗೋಳವೊಂದರ ಹಿಂದೆ, ಇಲಿ ಕಡಿದ ನಕ್ಷತ್ರಪಟವೊಂದು ಅವಳಿಗೆ ಸಿಕ್ಕಿತ್ತು. ಅದನ್ನು ಹಿತ್ತಿಲ ಕಲ್ಲಿನ ಮೇಲೆ ಹರಡಿ, ಆಕಾಶದೊಂದಿಗೆ ತಾಳೆ ನೋಡಿ ನೋಡಿ, ಆ ಹುಡುಗಿ ಪಟದಲ್ಲಿ ಇಲಿ ತಿಂದುಹಾಕಿದ್ದ ಭಾಗವನ್ನೂ ತಾನೇ ತುಂಬಿಕೊಂಡಿದ್ದಳು. ತುಂಬದೆ ಉಳಿದದ್ದು ಹುಣಸೆಮರದ ಹಿಂದಿನ ದಕ್ಷಿಣ, ತ್ರಿಶಂಕುವೆಂಬ ನಾಲ್ಕು ಚುಕ್ಕಿಗಳ ಜಾಗ ಮಾತ್ರ.

ಎಸ್ಸೆಸ್ಸೆಲ್ಸಿ ಮುಗಿಯುತ್ತಲೂ ಇವಳನ್ನು ಮೈಸೂರಿನ ಕಾಲೇಜಿಗೆ ಕಳಿಸೋಣವೆಂದು ನಾನು ಉಡಿಗಾಲಕ್ಕೇ ಹೋಗಿ ಭಾವನನ್ನು ಕೇಳಿದೆ. ಭಾವ ನನಗೆ ಒಳ್ಳೆಯ ಊಟ ಹಾಕಿಸಿದರು, ಎಲೆ ಅಡಿಕೆ ಕೊಟ್ಟರು, ಆಮೇಲೆ ಕೊಳ್ಳೇಗಾಲದ ಕಡೆ ಅವಳಿಗೆ ಗಂಡು ಗೊತ್ತಾಗಿರುವ ಸುದ್ದಿ ಹೇಳಿದರು. ವೈಶಾಖದಲ್ಲಿ ಮದುವೆ. ಹಿಂತಿರುಗಿ ಬಂದು ಇದನ್ನು ರತ್ನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡುವ ಶ್ಲೋಕಗಳು ನನ್ನ ಬಳಿ ಬೇಕಾದಷ್ಟಿದ್ದವು.

"ಓದು ಬ್ಯಾಡ ಅಂದ್ರಲ್ಲ, ಬುಡಿ ಮಾವ," ಎಂದಳು. "ಒಂದು ರಾತ್ರಿ ಬಯಲ್ಗೆ ಕರ್ಕೊಂಡೋಗಿ ಪೂರ್ತಿ ಆಕಾಸ ತೋರ್ಸಿ. ಆ ಮನೇಲಿ ಹೆಣ್ಮಕ್ಳು ದೀಪ ಅಚ್ಚುದ್ಮೇಲೆ ಒಸ್ಲು ದಾಟಂಗಿಲ್ವಂತ. ಇದೊಂದ್ ಸಲ ನೋಡ್ಬುಟ್ರೆ, ಆಮೇಲ ಎಲ್ಲಿಗ್ ಕಳಿಸಿದ್ರೂ ಓಯ್ತೀನಿ."

ಇಷ್ಟನ್ನಾದರೂ ಮಾಡಲೇಬೇಕೆಂದು ಕಚ್ಚೆ ಕಟ್ಟಿದೆ. ಮೊದಲು ನಾನು ಆರಿಸಿದ ಸ್ಥಳ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಎತ್ತರದಲ್ಲಿ ನಿಂತರೆ ನಕ್ಷತ್ರಗಳು ಅಷ್ಟು ಹತ್ತಿರವಲ್ಲವೇ ಎಂಬುದು ನನ್ನ ತರ್ಕ. ಹಿಮವದ್ ಎಂಬ ಶಬ್ದದ ಪ್ರಕೃತಿ ಪ್ರತ್ಯಯಗಳನ್ನು ಬಿಡಿಸಿ ಹೇಳಬಲ್ಲ ಪಂಡಿತನಿಗೆ ಅಲ್ಲಿ ಮಂಜು ಕವಿದಿರುತ್ತದೆಂಬುದು ಮಾತ್ರ ಹೊಳೆದಿರಲಿಲ್ಲ. ಹೊಳೆಯಿಸಿದವನು ನನ್ನೊಡನೆ ಓದಿದ್ದ ಹಂಗಳದ ರೈತ ನಂಜಪ್ಪ. "ಅಲ್ಲಿ ನಿಂತ್ಕಂಡ್ರ ನಿನ್ ಕಾಲೇ ನಿಂಗ ಕಾಣಾಕಿಲ್ಲ, ಇನ್ನು ತ್ರಿಶಂಕು ಕಂಡಾನಾ? ನಮ್ಮ ಕಣಕ್ಕ ಬಾ ಕಣ್ಲಾ. ಒಕ್ಕಣೆ ಎಲ್ಲ ಮುಗ್ದದ. ನೆಲ ಸಾರಿಸಿ ಚಾಪೆ ಹಾಸ್ಬುಡ್ತೀನಿ. ದಕ್ಷಿಣಕ್ಕ ಒಂದು ಗಿಡ ಅಡ್ಡ ಇಲ್ಲ" ಎಂದ. ಆನೆಗಳ ಮಾತೆತ್ತಿದೆ. "ಒಲದಲ್ಲಿ ಬೆಳೆನೇ ಇಲ್ದ ಮ್ಯಾಲ ಆನೆ ನಿನ್ನ ನೋಡಾಕ ಬತ್ತದಾ?" ಎಂದು ನನ್ನ ಗಾತ್ರವನ್ನೊಮ್ಮೆ ನೋಡಿ ನಕ್ಕ.

ಸ್ಥಳ ಸಿಕ್ಕಿತು, ದಿನ ಸಿಗಲಿಲ್ಲ. ನಕ್ಷತ್ರಗಳಿಗೆ ಪ್ರಶಸ್ತವಾದದ್ದು ಅಮಾವಾಸ್ಯೆ. ಮಗಳನ್ನು ನೋಡಲು ಉಡಿಗಾಲದಿಂದ ಬಂದಿದ್ದ ಅಕ್ಕ ಎರಡು ಕೈಯಿಂದಲೂ ಕಿವಿ ಮುಚ್ಚಿಕೊಂಡಳು. ವೀಳ್ಯ ಆದ ಹೆಣ್ಣನ್ನು ಅಮಾವಾಸ್ಯೆಯ ರಾತ್ರಿ ಹೊಲಕ್ಕೆ ಕರೆದೊಯ್ಯುವ ಸೋದರಮಾವ ಲೋಕದಲ್ಲಿ ಇನ್ನೊಬ್ಬನಿದ್ದಾನೆಯೇ ಎಂದಳು. ಹಿಂದಿನ ದಿನವೂ ಕೂಡದು, ಮುಂದಿನ ದಿನವೂ ಕೂಡದು. "ಬೇಕಾದ್ರ ಉಣ್ಣಿಮೇಲಿ ಓಗಿ, ತಮ್ಮಯ್ಯ. ಬೆಳ್ದಿಂಗ್ಳು ಚೆಂದಾಗಿರ್ತದ" ಎಂದು ಉದಾರಳಾಗಿ ಅಪ್ಪಣೆ ಕೊಟ್ಟಳು. ಹುಣ್ಣಿಮೆಯ ಬೆಳಕಿನಲ್ಲಿ ನಕ್ಷತ್ರಗಳು ಮರೆಯಾಗುತ್ತವೆ ಎಂದರೆ, ಹಾಗಾದರೆ ಚಂದ್ರನನ್ನೇ ನೋಡಲಿ, ಅವನಿಗೇನಾಗಿದೆ ಎಂದಳು. ಕೊನೆಗೆ ರತ್ನಿಯೇ ದಾರಿ ಕಂಡುಹಿಡಿದಳು. ಚೈತ್ರ ಬಹುಳ ಅಷ್ಟಮಿಯಂದು ಚಂದ್ರ ಹುಟ್ಟುವುದು ನಡುರಾತ್ರಿಗೆ. ಅಷ್ಟರೊಳಗೆ ತ್ರಿಶಂಕು ದಕ್ಷಿಣದಲ್ಲಿ ನೆಟ್ಟಗೆ ನಿಂತಿರುತ್ತದೆ. ಅಷ್ಟಮಿಯೂ ಅಷ್ಟೇನೂ ಒಳ್ಳೆಯ ತಿಥಿಯಲ್ಲವೆಂದು ಗೊಣಗಿದರೂ, ಮನೆತನದ ಜೋಯಿಸರನ್ನು ಒಂದು ಮಾತು ಕೇಳುವ ಕರಾರಿನ ಮೇಲೆ ಅಕ್ಕ ಒಪ್ಪಿದಳು. ಮಾರನೆಯ ದಿನವೇ ನನ್ನ ಹೆಂಡತಿ ಬುತ್ತಿಗೆ ಪುಳಿಯೋಗರೆಯ ಗೊಜ್ಜು ಕುದಿಸಿದಳು. ರತ್ನಿ ನಕ್ಷತ್ರಪಟದ ಹರಿದ ಅಂಚಿಗೆ ಗೋಂದು ಹಚ್ಚಿದಳು. ಆ ವಾರ ನಮ್ಮ ಮನೆಯಲ್ಲಿದ್ದಂಥ ಸಂತೋಷ ಅದಕ್ಕೆ ಮುಂಚೆಯೂ ಇರಲಿಲ್ಲ, ಆಮೇಲೂ ಬರಲಿಲ್ಲ.

ನಾನು ಜೋಯಿಸರನ್ನು ಕೇಳಿದ್ದು ಸರಳವಾಗಿಯೇ. ಹುಡುಗಿಗೆ ಮದುವೆಗೆ ಮುಂಚೆ ಒಂದು ನಕ್ಷತ್ರ ನೋಡಿಸಬೇಕು, ಅಷ್ಟಮಿಯ ರಾತ್ರಿ ಹಂಗಳಕ್ಕೆ ಗಾಡಿ ಕಟ್ಟಬಹುದೇ ಎಂದೆ. ನಕ್ಷತ್ರ ನೋಡಿಸುವುದೆಂದರೆ ನಮ್ಮ ಸೀಮೆಯಲ್ಲಿ ಜಾತಕ ನೋಡಿಸುವುದು. ಬರಿಗಣ್ಣಿನಿಂದ ಸುಮ್ಮನೆ ನೋಡುವುದೆಂದು ಯಾರ ತಲೆಗೂ ಹೋಗುವುದಿಲ್ಲ. ಜೋಯಿಸರು ಯಾರಿಗೋ ಹೇಳಿದರು, ಅವರು ಸಂತೆಯಲ್ಲಿ ಇನ್ನಾರಿಗೋ ಹೇಳಿದರು. ಸುದ್ದಿ ಕೊಳ್ಳೇಗಾಲ ಮುಟ್ಟುವ ಹೊತ್ತಿಗೆ ಅದಕ್ಕೆ ಕೈಕಾಲು ಬಂದಿದ್ದವು: ಹುಡುಗಿಯದು ಮೂಲಾ ನಕ್ಷತ್ರವಂತೆ, ಮಾವನಾಗುವವನ ತಲೆಗೆ ಕುತ್ತಂತೆ, ಅದನ್ನು ಮುಚ್ಚಿಟ್ಟು ಮೇಷ್ಟರು ರಾತ್ರೋರಾತ್ರಿ ಕಾಡಂಚಿನಲ್ಲಿ ಶಾಂತಿ ಮಾಡಿಸುತ್ತಾರಂತೆ!

ಗಂಡಿನ ತಂದೆ ಬಂದೇಬಿಟ್ಟರು, ಜೊತೆಗೆ ನನ್ನ ಭಾವ. ಕುತ್ತು ತಮ್ಮ ತಲೆಯ ಮೇಲೆಯೇ ಇದ್ದುದರಿಂದ ಅವರ ಮುಖ ಬಿಳಿಚಿಕೊಂಡಿತ್ತು. ಮೂಲಾ ಅಲ್ಲ ಸ್ವಾಮಿ, ಇವಳದು ರೋಹಿಣಿ, ನೋಡಹೊರಟದ್ದು ತ್ರಿಶಂಕುವನ್ನು, ಅದೂ ಸುಮ್ಮನೆ ನೋಡುವುದಕ್ಕೆ ಎಂದು ನಾನು ಜಾತಕ ತೆಗೆದು ತೋರಿಸಿದೆ. ಗಂಡಿನ ತಂದೆ ಜಾತಕವನ್ನು ಮಡಿಸಿ ನನ್ನ ಕೈಗಿತ್ತರು.

"ತ್ರಿಶಂಕು ಅಂದ್ರ ಅತ್ಲಾಗೂ ಇಲ್ದ ಇತ್ಲಾಗೂ ಇಲ್ದ ನಡುವ ನೇತಾಡ್ತಾನಲ್ಲ, ಅವ್ನೇ ತಾನೇ ಮೇಷ್ಟ್ರೇ?" ಎಂದರು. "ಮದ್ವೆ ಗೊತ್ತಾದ ಹೆಣ್ಗ ಅವ್ನ ತೋರಿಸ್ತೀರಾ?"

ಎಷ್ಟೋ ಮಕ್ಕಳಿಗೆ ಆ ಕಥೆಯ ತಾತ್ಪರ್ಯ ಬರೆಸಿದ ನಾನು ಜಾತಕವನ್ನು ಮತ್ತೆ ಪೆಟ್ಟಿಗೆಗೆ ಹಾಕಿದೆ. ಭಾವ ಅಂದೇ ಮಧ್ಯಾಹ್ನದ ಬಸ್ಸಿಗೆ ಮಗಳನ್ನು ಹೊರಡಿಸಿದರು. ರತ್ನಿ ಪಟವನ್ನು ಸುರುಳಿ ಸುತ್ತಿ ನನ್ನ ಮೇಜಿನ ಮೇಲಿಟ್ಟಳು. ಬಸ್ಸು ಹತ್ತುವಾಗ ಹೇಳಿದ್ದು ಇಷ್ಟೇ: "ನಂಜಪ್ಪಣ್ಣೋರ್ಗ ಯೋಳ್ಬುಡಿ ಮಾವ. ಪಾಪ, ಕಾಯ್ತಾ ಇರ್ತಾರ."

ಅಷ್ಟಮಿಯಂದು ಒಂದು ತುಣುಕು ಮೋಡವಿರಲಿಲ್ಲ. ಇದ್ದಿದ್ದರೆ ಎಷ್ಟು ಉಪಕಾರವಾಗುತ್ತಿತ್ತು! ಮಳೆಯಿಂದ ಕೆಟ್ಟ ಕೆಲಸಕ್ಕೆ ಮನುಷ್ಯ ಹೇಗೋ ಸಮಾಧಾನ ಹೇಳಿಕೊಳ್ಳುತ್ತಾನೆ. ನನಗೆ ಹೇಳಿಕೊಳ್ಳಲು ಏನೂ ಉಳಿದಿರಲಿಲ್ಲ. ಒಬ್ಬ ಹುಡುಗಿ ಕೇಳಿದ್ದು ಯಾರಿಗೂ ಕಡಿಮೆಯಾಗದ, ಯಾರೂ ಕೊಡಬೇಕಾಗಿಯೇ ಇಲ್ಲದ ವಸ್ತುವನ್ನು; ಅದನ್ನೂ ಕೊಡದೆ ಉಳಿಸಿಕೊಂಡೆವಲ್ಲ ಎಂದು ಹಿತ್ತಿಲ ಕಲ್ಲಿನ ಮೇಲೆ ಕುಳಿತು ಕೊರಗಿದೆ.

ಉಡಿಗಾಲದಲ್ಲಿ ಮದುವೆ ಸಾಂಗವಾಗಿ ನೆರವೇರಿತು. ಬೆಳಗಿನ ಮುಹೂರ್ತ ಮುಗಿದ ಮೇಲೆ ಅದೇ ಜೋಯಿಸರು ವಧೂವರರನ್ನು ಚಪ್ಪರದಿಂದ ಆಚೆಗೆ, ವೈಶಾಖದ ರಣಬಿಸಿಲಿಗೆ ಕರೆತಂದರು. ಹೊಸ ದಂಪತಿಗೆ ಹಗಲಿನಲ್ಲಿಯೇ ಅರುಂಧತಿ ನಕ್ಷತ್ರ ತೋರಿಸುವುದು ಶಾಸ್ತ್ರ. ಕಾಣದಿದ್ದರೂ ಕಂಡಿತೆನ್ನುವುದು ಅದಕ್ಕಿಂತ ದೊಡ್ಡ ಶಾಸ್ತ್ರ. "ಅಗೋ ಅಲ್ಲಿ, ನೋಡು ತಾಯಿ" ಎಂದು ಜೋಯಿಸರು ಉತ್ತರದ ಆಕಾಶಕ್ಕೆ ಬೆರಳೆತ್ತಿದರು. ವರ ಹುಬ್ಬಿಗೆ ಕೈ ಅಡ್ಡ ಹಿಡಿದು, "ಕಾಣ್ತು" ಎಂದುಬಿಟ್ಟ. ರತ್ನಿ ಮಾತ್ರ ಉತ್ತರಕ್ಕೆ ತಿರುಗಿ, ತಲೆ ಬಗ್ಗಿಸಿ, ನೆಲ ನೋಡುತ್ತ ನಿಂತಳು. "ಓದಿದ ಹೆಣ್ಣಾದ್ರೂ ಎಷ್ಟು ನಾಚ್ಕೆ ನೋಡು!" ಎಂದು ಗಂಡಿನ ಕಡೆಯ ಹೆಂಗಸರು ಮೆಚ್ಚಿಕೊಂಡರು. ಸೋದರಮಾವನ ಹಕ್ಕಿನಿಂದ ಅವಳ ಪಕ್ಕದಲ್ಲಿದ್ದ ನಾನು, "ತಲೆ ಎತ್ತವ್ವ, ಮೇಲೆ ನೋಡು" ಎಂದು ಪಿಸುಗುಟ್ಟಿದೆ.

"ಈ ಒತ್ನಲ್ಲಿ ಅದು ಮ್ಯಾಲ ಇರಾಕಿಲ್ಲ ಮಾವ," ಎಂದಳು, ನನಗೊಬ್ಬನಿಗೇ ಕೇಳುವಂತೆ. "ಉತ್ತರಕ್ಕೇ ಅದ, ಆದ್ರ ಭೂಮಿ ಕೆಳಗ. ನಾನು ಸರಿಯಾಗೇ ನೋಡ್ತಾ ಇವ್ನಿ."

"ಕಾಣಿಸ್ತೇನಮ್ಮ?" ಎಂದು ಜೋಯಿಸರು ಇನ್ನೊಮ್ಮೆ ಕೇಳಿದರು. "ಕಾಣ್ತು ಸ್ವಾಮಿ" ಎಂದಳು. ಎಲ್ಲರೂ ಅಕ್ಷತೆ ಹಾಕಿದರು. ನಾನೂ ಹಾಕಿದೆ. ಗಂಡಿನ ತಾಯಿ ಬಂದು ಅವಳ ಕೈ ಹಿಡಿದುಕೊಂಡರು, ಬಿಸಿಲು ಜಾಸ್ತಿಯಾಯಿತೆಂದು ಒಳಗೆ ಕರೆದುಕೊಂಡು ಹೋದರು.